ನಂಬರ್ ಕೇಳುತ್ತಿದ್ದ ಉಸ್ತಾದರು

೧೯೮೬ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ತರಗತಿ ಪಾಸಾಗಿದ್ದೆ, ಫೇಲಾಗಿ ಬಿಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರಲ್ಲಿ ಕೆಲವರು ಬೇರೆ ಥರ ಹೇಳುತ್ತಾರೆ. ಹೊಲಕ್ಕೆ ಅಪ್ಪನ ಜೊತೆ ಇನ್ನೊಂದು ಜೊತೆ ಕೈ ಬೇಕಾಗಿತ್ತು, ನಾನು ಹೋದೆ. ಆಮೇಲೆ ವೆಲ್ಡಿಂಗ್ ಕಲಿತೆ. ಅದಾದ ಮೇಲೆ ಕೈಯಿಂದಲೇ ಕಾಳು ಬಿಡಿಸುವ ಒಂದು ರಾಶಿ ಮಷೀನು ಕಟ್ಟಿದೆ. ನಮ್ಮ ಹರಪನಹಳ್ಳಿ ತಾಲೂಕಿನ ಚಿಗಟೇರಿಯಿಂದ ಅರಸೀಕೆರೆವರೆಗೆ ಮೆಕ್ಕೆಜೋಳ ಬಿಡಿಸಲು ಜನ ಇವತ್ತಿಗೂ ನನ್ನ ಮಷೀನಿನ ಪಾಳಿ ಕಾಯುತ್ತಾರೆ. ಬರೆಯುವುದು ನನ್ನ ಕಸುಬಲ್ಲ. ಆದರೆ ಹೋದ ಬೇಸಿಗೆಯಲ್ಲಿ ಕೊಟ್ಟೂರಿನ ಬಂದೂಕು ರಿಪೇರಿಯ ಉಸ್ತಾದರು ತೀರಿಕೊಂಡರು. ಓದಿದವರು ಯಾರಾದರೂ ಅವರ ಬಗ್ಗೆ ಬರೆಯುತ್ತಾರೇನೋ ಎಂದು ಮೂರು ತಿಂಗಳು ಕಾದೆ. ಯಾರೂ ಬರೆಯಲಿಲ್ಲ. ಹಾಗಾಗಿ ನಾನೇ ಕುಳಿತೆ.

ಹೆಸರು ಬರೆಯುವುದಿಲ್ಲ. ಹೆಸರಿನ ಮೇಲೆ ಅವರಿಗೆ ನಂಬಿಕೆಯೇ ಇರಲಿಲ್ಲ. "ನಿನ್ನ ಹೆಸರಿನೋರು ಹರಪನಹಳ್ಳಿ ತಾಲೂಕಿನಾಗ ನೂರು ಮಂದಿ ಅದಾರ. ನಿನ್ನ ಬಂದೂಕದ ನಂಬರ್ ಅನ್ನೋದು ಒಂದಕ್ಕ ಇರೋದು" ಎನ್ನುತ್ತಿದ್ದರು. ಅದಕ್ಕೇ ಗಿರಾಕಿಗಳನ್ನೆಲ್ಲ ಅವರವರ ಬಂದೂಕಿನ ನಂಬರಿನಿಂದಲೇ ಕರೆಯುತ್ತಿದ್ದರು. ನಾನು ಅವರಿಗೆ ನಾಕ್ನೂರಾ ಹನ್ನೊಂದು. ಕೂಡ್ಲಿಗಿ ಕಡೆಯ ಒಬ್ಬ ದೊಡ್ಡ ರೈತರು ಎಪ್ಪತ್ತೊಂಬತ್ತು. ಇಬ್ಬರೂ ಒಂದೇ ದಿನ ಅವರ ಅಂಗಡಿಯ ಕಟ್ಟೆಯ ಮೇಲೆ ಕುಳಿತರೆ, "ಎಪ್ಪತ್ತೊಂಬತ್ತಕ್ಕ ಚಾ ಕೊಡ್ರಿ, ನಾಕ್ನೂರಾ ಹನ್ನೊಂದು ಸಕ್ಕರಿ ಬಿಟ್ಟಾನ" ಎಂದು ಎದುರಿನ ಹೋಟೆಲಿಗೆ ಕೂಗುವರು. ಹೋಟೆಲಿನವನಿಗೂ ಯಾರು ಯಾವ ನಂಬರೆಂದು ಗೊತ್ತಿತ್ತು.

ಉಸ್ತಾದರು ಪೊಲೀಸ್ ಇಲಾಖೆಯ ಆಯುಧ ಕೊಠಡಿಯಲ್ಲಿ ದುಡಿದು, ಪಿಂಚಣಿ ಬಂದ ಮೇಲೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಲೈಸೆನ್ಸ್ ಪಡೆದು ಬಂದೂಕು ರಿಪೇರಿಯ ಅಂಗಡಿ ಹಾಕಿದ್ದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕಿನಲ್ಲಿ ಬೆಳೆ ಕಾಯಲು ಬಂದೂಕು ಇಟ್ಟುಕೊಂಡವರೆಲ್ಲ ಒಂದು ಸಲವಾದರೂ ಆ ಕಟ್ಟೆಯ ಮೇಲೆ ಕುಂಡಿ ಊರಿದವರೇ. ಬಂದೂಕಿನ ಕೆಲಸವೊಂದರಿಂದ ಹೊಟ್ಟೆ ತುಂಬುವುದಿಲ್ಲ, ಹಾಗಾಗಿ ಹೊಲಿಗೆ ಮಷೀನನ್ನೂ ರಿಪೇರಿ ಮಾಡುತ್ತಿದ್ದರು. ಒಂದು ಕಡೆ ಮೀಸೆಯ ರೈತರು, ಇನ್ನೊಂದು ಕಡೆ ಹೊಲಿಗೆ ಮಷೀನು ತಂದ ಹೆಣ್ಣುಮಕ್ಕಳು. "ಅಕ್ಕಾರು ಕುಂತಾರ, ನಳಿಗಿ ಗ್ವಾಡಿ ಕಡೆ ತಿರುಗಸ್ರಿ" ಎಂದು ಗದರುವುದು ದಿನದ ಮಾತು.

ಅಂಗಡಿಗೆ ಏನೇ ಬರಲಿ, ಮೊದಲ ಕೆಲಸ ನಂಬರ್ ತೆಗೆಯುವುದು. ಕಬ್ಬಿಣದಲ್ಲಿ ಕೊರೆದ ನಂಬರಿನ ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲ್ಲಿನಿಂದ ಮೆಲ್ಲಗೆ ತಿಕ್ಕುವರು. ಅಂಕಿಗಳು ಹಾಳೆಯ ಮೇಲೆ ಬೆಳ್ಳಗೆ ಮೂಡುವವು. ಆ ಹಾಳೆಯನ್ನು ದಪ್ಪ ನೋಟ್‌ಬುಕ್ಕಿಗೆ ಅಂಟಿಸಿ ಪಕ್ಕದಲ್ಲಿ ಮಾಡಿದ ಕೆಲಸವನ್ನು ಬರೆಯುವರು. ಕೈಯಿಂದ ಬರೆದರೆ ಕೈ ತಪ್ಪಬಹುದು, ತಿಕ್ಕಿದರೆ ತಪ್ಪುವುದಿಲ್ಲ ಎನ್ನುವುದು ಅವರ ಲೆಕ್ಕ. ಒಮ್ಮೆ ನಾನಿದ್ದಾಗಲೇ ಒಬ್ಬ ಹೆಣ್ಣುಮಗಳು ನಗುತ್ತಾ ಕೇಳಿದಳು:

"ಉಸ್ತಾದ್ರೇ, ಇದು ಹೊಲಿಗಿ ಮಷೀನ್ರಿ. ಇದಕ್ಯಾಕ ನಂಬರು?"

"ತಂಗೀ, ನಾಳೆ ನಿನ್ನ ವಾರಗಿತ್ತಿ ಬಂದು ಈ ಮಷೀನು ನಂದು ಅಂದ್ರ?"

ಆಕೆ ನಗುವುದನ್ನು ನಿಲ್ಲಿಸಿದಳು. "ಇವತ್ತ ಮುಂಜಾನಿನ ಅಂದ್ಳ್ರಿ! ಬರಕೋರಿ, ಬರಕೋರಿ, ದಪ್ಪಕ್ಷರದಾಗ ಬರಕೋರಿ."

ನಾನು ಅವರನ್ನು ಮೊದಲು ಕಂಡಾಗ ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಅಪ್ಪ ಹಾಸಿಗೆ ಹಿಡಿದಿದ್ದ ವರ್ಷ. ಅಪ್ಪನದು ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಹಳೇ ಬಂದೂಕು. ಅದರ ಕುದುರೆ, ಅಂದರೆ ಬಡಿಯುವ ಸುತ್ತಿಗೆ, ಸಡಿಲಾಗಿತ್ತು, ಎತ್ತಿದರೆ ನಿಲ್ಲುತ್ತಿರಲಿಲ್ಲ. ಕಂಬಳಿಯಲ್ಲಿ ಸುತ್ತಿಕೊಂಡು ಎರಡು ಬಸ್ಸು ಬದಲಿಸಿ ಕೊಟ್ಟೂರಿಗೆ ಒಯ್ದೆ.

"ಖಾಲಿ ಐತ್ರಿ" ಎನ್ನುತ್ತಾ ಮುಂದೆ ಇಟ್ಟೆ.

ಉಸ್ತಾದರು ಮದ್ದು ಒತ್ತುವ ಉದ್ದನೆಯ ಸರಳನ್ನು ತೆಗೆದು ಮೊದಲು ನಳಿಗೆಯ ಹೊರಗೆ ಹಿಡಿದು ಅಳೆದರು, ಹೆಬ್ಬೆರಳಿನಿಂದ ಗುರುತು ಇಟ್ಟುಕೊಂಡರು. ಆಮೇಲೆ ಅದೇ ಸರಳನ್ನು ನಳಿಗೆಯೊಳಗೆ ಇಳಿಬಿಟ್ಟರು. ಹೆಬ್ಬೆರಳಿನ ಗುರುತು ನಳಿಗೆಯ ಬಾಯಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತಿತು.

"ನೀನೂ ನೋಡು" ಎಂದರು.

ನೋಡಿದೆ. ತಿಳಿಯಲಿಲ್ಲ.

"ಈ ನಾಕ ಬೆರಳಿನಾಗ ನಿಮ್ಮಪ್ಪ ಕುಂತಾನ. ಯಾವಾಗೋ ಹಂದಿಗಂತ ಮದ್ದು ತುಂಬ್ಯಾನ, ಹಾರಿಸೋದು ಮರ್ತಾನ. ಬಸ್ಸಿನಾಗ ಇದನ್ನ ಎಲ್ಲಿ ಇಟ್ಟಿದ್ದಿ?"

"ತೊಡಿ ಮ್ಯಾಲ್ರಿ."

"ಬಾಯಿ ಯಾವ ಕಡೆಗಿತ್ತು?"

ನನಗೆ ಅದು ನೆನಪಾಯಿತು. ಬಾಯಿ ಕಂಡಕ್ಟರನ ಕಡೆಗಿತ್ತು. ಆತ ಟಿಕೆಟ್ ಕೊಡುವಾಗ ನಳಿಗೆಯ ಮೇಲೆ ಕೈ ಊರಿಕೊಂಡು ಚಿಲ್ಲರೆ ಎಣಿಸಿದ್ದ. ನನ್ನ ಮುಖ ನೋಡಿಯೇ ಉಸ್ತಾದರು ಹೋಟೆಲಿನಿಂದ ನೀರು ತರಿಸಿದರು. ಅರ್ಧ ನನಗೆ ಕೊಟ್ಟರು, ಅರ್ಧ ನಳಿಗೆಗೆ ಹಾಕಿದರು.

"ಖಾಲಿ ಐತಿ ಅನ್ನೋದು ಬರೇ ಸುದ್ದಿ. ಕಣ್ಣಿಂದ ಕಂಡಮ್ಯಾಲ ಖಾಲಿ" ಎಂದರು. ಅಷ್ಟಕ್ಕೆ ಬಿಟ್ಟಿದ್ದರೆ ಸಿಟ್ಟು ಬರುತ್ತಿರಲಿಲ್ಲ. "ಈಗ ನಿಮ್ಮಪ್ಪನ ಚೀಟಿ ತೆಗಿ" ಎಂದರು.

"ಯಾವ ಚೀಟಿರಿ?"

"ಲೈಸನ್ಸು ನಿಮ್ಮಪ್ಪನ ಹೆಸರಿನಾಗ ಐತಿ. ನೀನು ರಿಪೇರಿಗೆ ಒಯ್ಯಬೇಕಂದ್ರ ಅವರು ಬರದು ಕೊಡಬೇಕು. ಇಲ್ಲಾಂದ್ರ ಇದು ನಿನ್ನ ಕೈಯಾಗ ಇರೋದ ತಪ್ಪು. ಹೋಗು, ಹೆಬ್ಬೆಟ್ಟಾದ್ರೂ ಹಾಕಿಸ್ಕೊಂಡು ಬಾ."

ಬಂದೂಕನ್ನು ಅಲ್ಲೇ ಇಟ್ಟುಕೊಂಡು, ರಸೀದಿ ಬರೆದು ಕೊಟ್ಟು, ಬರಿಗೈಯಲ್ಲಿ ಕಳಿಸಿದರು. ದಾರಿಯುದ್ದಕ್ಕೂ ಬೈದುಕೊಂಡೆ. ಓದು ಬಿಟ್ಟವನೆಂದು ಆಡಿಸುತ್ತಾನೆ ಎಂದುಕೊಂಡೆ. ಮರುದಿನ ಅಪ್ಪನ ಹೆಬ್ಬೆಟ್ಟಿನ ಚೀಟಿ ಹಿಡಿದು ಹೋದಾಗ ಅವರು ಅದನ್ನು ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಜೋರಾಗಿ ಓದಿದರು. ಥೇಟ್ ನಾನು ಓದುವ ಹಾಗೆ. "ನಂದು ಸಾಲ್ಯಾಗ ನಾಕನೆತ್ತಾನೂ ಪೂರಾ ಆಗಿಲ್ಲ. ಅದಕ್ಕ ಎಲ್ಲಾನೂ ಓದ್ತೀನಿ. ಓದಿದೋರು ಅರ್ಧ ಓದಿ ಸಹಿ ಹಾಕ್ತಾರ" ಎಂದು ನಕ್ಕರು. ಅಲ್ಲಿಗೆ ನನ್ನ ಸಿಟ್ಟು ಇಳಿಯಿತು. ಅಪ್ಪ ಹೋದ ಮೇಲೆ ಬಂದೂಕನ್ನು ಠಾಣೆಗೆ ಕೊಟ್ಟು, ಲೈಸೆನ್ಸು ನನ್ನ ಹೆಸರಿಗೆ ಬರುವವರೆಗೆ ಅರ್ಜಿಯ ಹಿಂದೆ ಒಂದೂವರೆ ವರ್ಷ ಅಲೆದೆ. ಪ್ರತಿ ಕಾಗದವನ್ನೂ ಉಸ್ತಾದರ ಬೆರಳು ಹಾದುಹೋದ ಮೇಲೆಯೇ ಕೊಡುತ್ತಿದ್ದೆ.

ನಮ್ಮ ಹರಪನಹಳ್ಳಿಯವರ ಪಾಡು ಅವರಿಗೆ ದೊಡ್ಡ ತಮಾಷೆ. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದೆವು, ದಾವಣಗೆರೆಗೆ ಹೋದೆವು, ತಿರುಗಿ ಬಳ್ಳಾರಿಗೆ ಬಂದೆವು, ಈಗ ವಿಜಯನಗರ. ಪ್ರತಿ ಸಲವೂ ನಮ್ಮ ಫೈಲುಗಳು ಗಂಟುಕಟ್ಟಿಕೊಂಡು ಲಾರಿ ಹತ್ತುತ್ತಿದ್ದವು. "ಕೂಡ್ಲಿಗಿಯೋರು ಕರಡಿ ಕಾಯ್ತಾರ, ನೀವು ಫೈಲ್ ಕಾಯ್ತೀರಿ. ನಿಮ್ಮ ಬಂದೂಕ ಗೂಟದಿಂದ ಇಳಿದಿಲ್ಲ, ಮೂರು ಸಲ ಜಿಲ್ಲಾ ಸುತ್ತಿ ಬಂದೈತಿ" ಎನ್ನುವರು. ಯಾರ ಫೈಲು ಈಗ ಯಾವ ಊರಿನ ಯಾವ ಕಪಾಟಿನಲ್ಲಿದೆ ಎಂದು ಕಚೇರಿಯವರಿಗಿಂತ ಮೊದಲು ಅವರಿಗೆ ಗೊತ್ತಿರುತ್ತಿತ್ತು.

ಇನ್ನು ನಾನು ಹೇಳಬೇಕೆಂದು ಕುಳಿತ ಸಂಗತಿ. ಇದರಲ್ಲಿ ನನ್ನ ದಡ್ಡತನವೂ ಇದೆ. ಇರಲಿ.

ಮೂರು ವರ್ಷದ ಹಿಂದಿನ ಮಾತು. ಮಷೀನಿನ ಬೇರಿಂಗು, ಬೆಲ್ಟು, ಒಂದು ಹಳೇ ಡೀಸೆಲ್ ಇಂಜಿನ್ನು, ಇವನ್ನೆಲ್ಲ ನಾನು ಫೋನಿನಲ್ಲೇ, ಹಳೇ ಸಾಮಾನು ಹರಾಜು ಹಾಕುವ ತಾಣಗಳಲ್ಲಿ ಕೂಗಿ ಕೊಂಡವನು. ಒಂದು ಸಲವೂ ಮೋಸ ಹೋಗಿರಲಿಲ್ಲ. ಡಿಗ್ರಿ ಮಾಡಿದವರು ನನ್ನ ಹತ್ತಿರ ಬಂದು ಹೇಗೆ ಕೂಗಬೇಕು ಎಂದು ಕೇಳಿ ಹೋಗುತ್ತಿದ್ದರು. ಆ ವರ್ಷ ಮೆಕ್ಕೆಜೋಳಕ್ಕೆ ಹಂದಿಗಳ ಹಾವಳಿ ಬಹಳ. ನನ್ನ ಒಂಟಿ ನಳಿಗೆ ಗಾಳಿಗೆ ಒಂದು ಸಲ ಢಂ ಎಂದರೆ ಹಂದಿಗಳು ತಲೆ ಎತ್ತುತ್ತಿದ್ದವು. ನಾನು ಮತ್ತೆ ಮದ್ದು ತುಂಬುವಷ್ಟರಲ್ಲಿ ಇನ್ನೊಂದು ಸಾಲು ಉಂಡು ಮುಗಿಸಿ ಬಾಯಿ ಒರೆಸಿಕೊಳ್ಳುತ್ತಿದ್ದವು. ಹಡಗಲಿಯಲ್ಲಿರುವ ನನ್ನ ಅಕ್ಕನ ಗಂಡನ ಹತ್ತಿರ ಜೋಡಿ ನಳಿಗೆಯ, ಗುಂಡಿನ ತೋಟಾ ಹಾಕುವ ಬಂದೂಕಿದೆ. ನಮ್ಮ ಭಾವ ಮಲ್ಲಿಗೆ ಬೆಳೆಯುವವರು. ಹೂವಿಗೆ ಹಂದಿ ಬರುವುದಿಲ್ಲ, ಆದರೂ ಜೋಡಿ ನಳಿಗೆ ಅವರ ಹತ್ತಿರ! ನನಗೆ ಅದು ವರ್ಷಗಟ್ಟಲೆ ಹೊಟ್ಟೆಯಲ್ಲಿ ಕುಟುಕುತ್ತಿತ್ತು.

ಒಂದು ದಿನ ಫೋನಿನ ಹರಾಜಿನಲ್ಲಿ ಜೋಡಿ ನಳಿಗೆಯ ಬಂದೂಕು ಕಂಡಿತು. ಮಾರುವವನು ರಾಜಸ್ಥಾನದಲ್ಲಿರುವ ಸೈನ್ಯದ ಅಧಿಕಾರಿಯಂತೆ. ವರ್ಗವಾಗಿದೆಯಂತೆ, ಬಂದೂಕು ಒಯ್ಯಲಾಗದಂತೆ, ಕಾಗದ ಎಲ್ಲ ಸರಿಯಂತೆ, ಡಬ್ಬಿ ಕಟ್ಟಿ ಮನೆಬಾಗಿಲಿಗೆ ಕಳಿಸುತ್ತಾನಂತೆ. ಫೋಟೋ ನೋಡಿದೆ. ಥೇಟ್ ನಮ್ಮ ಭಾವನ ಬಂದೂಕಿನ ಹಾಗೆಯೇ ಇತ್ತು. ಹಿಂಬದಿಯ ಕಟ್ಟಿಗೆಗೆ ಮೂರು ಎಳೆ ವಿಭೂತಿ, ನಡುವೆ ಕುಂಕುಮ, ನಳಿಗೆಗೆ ಸುತ್ತಿದ ಬಿಳಿ ಹೂವಿನ ದಂಡೆ. ದೇವರು ದಿಂಡರು ಎನ್ನುವ ಮನುಷ್ಯ, ಮೋಸ ಮಾಡಲಾರ ಎನ್ನಿಸಿತು. ಎರಡು ದಿನ ಕೂಗಿದೆ. ಎದುರಿಗೆ ಒಬ್ಬ ಹಟದವನು ಏರಿಸುತ್ತಲೇ ಹೋದ, ನಾನೂ ಬಿಡಲಿಲ್ಲ. ಹರಾಜು ನನಗೇ ನಿಂತಿತು. ಮರುದಿನ ಸಂಜೆ ನಾಲ್ಕು ಗಂಟೆಯೊಳಗೆ ಮುಂಗಡ ಹಾಕಬೇಕೆಂದು ಅಧಿಕಾರಿ ಫೋನು ಮಾಡಿದ. ಲಾರಿ ಡ್ರೈವರುಗಳಿಂದ ಕಲಿತ ಹಿಂದಿಯಲ್ಲಿ ಆಗಲಿ ಎಂದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕೊಟ್ಟೂರಿಗೆ ಹೋದೆ. ಸಲಹೆ ಕೇಳಲು ಹೋದವನಲ್ಲ. ತೋರಿಸಲು ಹೋದೆ.

"ಉಸ್ತಾದ್ರೇ, ಜೋಡಿ ನಳಿಗಿ ತಗೊಂಡೆ."

"ಭೇಷ್! ಎಲ್ಲೈತಿ?"

"ಫೋನಿನ್ಯಾಗ."

ಅವರು ನನ್ನ ಫೋನನ್ನು ಅಂಗೈಯಲ್ಲಿಟ್ಟು ತೂಗಿದರು. ತಿರುವಿ ಹಿಂಬದಿಯನ್ನೂ ನೋಡಿದರು. "ಭಾಳ ಹಗುರ ಐತಲ್ಲೋ" ಎಂದರು.

"ಚೇಷ್ಟಿ ಮಾಡಬ್ಯಾಡ್ರಿ. ಹರಾಜಿನಾಗ ಗೆದ್ದೀನಿ."

"ನಂಬರ್ ಏನು?"

"ರೊಕ್ಕ ಹಾಕಿದ ಮ್ಯಾಲ ಕಳಸ್ತಾನಂತ್ರಿ."

"ಮಾರೋನ ಲೈಸನ್ಸ್ ನೋಡಿದಿ?"

"ಸೈನ್ಯದೋರ್ರಿ. ಅವರಿಗೆ ಯಾಕ ಅಂದೆ."

"ನಿನ್ನ ಎದುರಿಗೆ ಕೂಗಿದಾವ ಯಾರು?"

"ಯಾರೋ ಹಟಮಾರಿ. ನಾನು ಏರಸಿದಂಗೆಲ್ಲ ಅವನೂ ಏರಸ್ತಿದ್ದ. ಕಡೀಕ ಸೋತು ಬಿಟ್ಟ."

"ಅವ ಸೋತಿಲ್ಲ. ಬಲಗೈ ಮಾರಾಕ ಕುಂತಾಗ ಎಡಗೈ ಕೂಗತೈತಿ. ಇಬ್ಬರೂ ಒಂದ ಅಂಗಿಯಾಗ ಅದಾರ" ಎಂದು ಹೇಳಿ, ಕನ್ನಡಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಲು ಹೇಳಿದರು. ಬೆರಳಿನಿಂದ ಅಗಲಿಸಿ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಇದಕ್ಕ ಇಬತ್ತಿ ಹಚ್ಯಾರ."

"ಹೂಂ ರಿ. ಅದನ್ನ ನೋಡೇ ನಂಬಿಕಿ ಬಂತು."

"ನಳಿಗಿಗೆ ಇದೇನು ಬೆಳ್ಳಗ?"

"ಮಲ್ಲಿಗಿ ಹೂವ್ರಿ."

"ರಾಜಸ್ಥಾನದ ಉಸುಕಿನಾಗ ಕುಂತ ಸಾಹೇಬ ಬಂದೂಕಕ್ಕ ಮೂರೆಳಿ ಇಬತ್ತಿ ಹಚ್ಚಿ, ಹಡಗಲಿ ಮಲ್ಲಿಗಿ ಮುಡಿಸ್ಯಾನ?"

ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಈಗ ಎಲ್ಲಾ ಕೊರಿಯರಿನಾಗ ಬರತೈತ್ರಿ" ಎಂದೆ.

ಉಸ್ತಾದರು ಎದ್ದು ಹೋಗಿ ನೋಟ್‌ಬುಕ್ಕುಗಳ ಸಾಲಿನಿಂದ ಒಂದನ್ನು ಎಳೆದು ತಂದರು. ಹಾಳೆ ತಿರುವಿ ಬೆರಳಿಟ್ಟು ಓದಿದರು: "ಹಿಂದಿನ ಕಟ್ಟಿಗೆ ಸೀಳಿದ್ದು. ಹಿತ್ತಾಳೆ ತಗಡು ಹಾಕಿದೆ. ತಿರುಪು ಮೂರು. ನಡುವಿನದು ಸೊಟ್ಟ ಕುಂತಿದೆ, ನನ್ನ ತಪ್ಪು." ಆಮೇಲೆ ಫೋಟೋದಲ್ಲಿ ವಿಭೂತಿಯ ಕೆಳಗೆ ಹೊಳೆಯುತ್ತಿದ್ದ ಹಿತ್ತಾಳೆ ತಗಡನ್ನು ತೋರಿಸಿದರು. ಮೂರು ತಿರುಪುಗಳು. ನಡುವಿನದು ಸೊಟ್ಟ.

"ಅವತ್ತು ಕನ್ನಡಕ ಮನ್ಯಾಗ ಮರೆತು ಬಂದಿದ್ದೆ. ಐದು ತಾಲೂಕಿನಾಗ ನಾನು ಸೊಟ್ಟ ಹಾಕಿದ ತಿರುಪು ಇದೊಂದ. ಇದು ಹಡಗಲಿ ಎಂಬತ್ತೆರಡು. ನಿನ್ನ ಭಾವ."

ಭಾವನಿಗೆ ಫೋನು ಹಚ್ಚಿದೆವು. ವಿಷಯ ಇಷ್ಟೇ: ಆಯುಧ ಪೂಜೆಗೆ ಅವರ ಮನೆಯಲ್ಲಿ ಬಂದೂಕಿಗೆ ವಿಭೂತಿ ಬಳಿದು, ತಮ್ಮ ಹೊಲದ್ದೇ ಮಲ್ಲಿಗೆ ಸುತ್ತಿ ಫೋಟೋ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಫೋನಿನಲ್ಲಿ ಹಾಕಿದ್ದರು. ಕಳ್ಳ ಅದನ್ನು ಎತ್ತಿಕೊಂಡಿದ್ದ. ಬಂದೂಕು ಮಾತ್ರ ಹಡಗಲಿಯಲ್ಲಿ ಗೋಡೆಗೆ ಹಾಯಾಗಿ ತೂಗಾಡುತ್ತಿತ್ತು. ಭಾವನಿಗೆ ಗಾಬರಿಯಾಗಬೇಕಿತ್ತು. ಆದರೆ ಅವರು ಕೇಳಿದ್ದೇ ಬೇರೆ:

"ನನ್ನ ಬಂದೂಕ ಎಷ್ಟಕ್ಕ ಹೋತಲೇ?"

ಹೇಳಿದೆ.

"ಅಷ್ಟ ಏನು? ಇನ್ನೂ ಒಂದೀಟು ಏರಸಬೇಕಿತ್ತು. ಮನಿತನದ ಬಂದೂಕ ಅದು!"

"ಭಾವಾ, ಕೂಗಿದಾವ ನಾನು."

ಭಾವ ಅಕ್ಕನನ್ನು ಕೂಗಿದ್ದು ಕೇಳಿಸಿತು: "ಇಲ್ಲಿ ಬಾರೇ, ನಿನ್ನ ತಮ್ಮ ನಮ್ಮ ಮನಿ ಬಂದೂಕನ್ನ ರಾಜಸ್ಥಾನದೋರ ಕಡೆಯಿಂದ ಕೊಂಡಾನ!" ಅಲ್ಲಿಂದ ಬಂದ ನಗುವಿಗೆ ಉಸ್ತಾದರೂ ಸೇರಿಕೊಂಡರು, ಹೋಟೆಲಿನವನೂ ಸೇರಿಕೊಂಡ. ಹೊಲಿಗೆ ಮಷೀನು ತಂದಿದ್ದ ಇಬ್ಬರು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಾನೂ ನಗಲು ನೋಡಿದೆ.

ಕಣ್ಣೊರೆಸಿಕೊಳ್ಳುತ್ತಾ ಉಸ್ತಾದರು ಕೇಳಿದರು, "ರೊಕ್ಕ ಹೋಗಿಲ್ಲ ಹೌದಲ್ಲೋ? ಪುಣ್ಯ. ಬ್ಯಾರೆ ಏನರ ಕಳಿಸಿಯೇನು?"

"ಲೈಸನ್ಸಿನ ಫೋಟೋ ಕಳಿಸೀನ್ರಿ."

"ಯಾವ ಹಾಳಿ?"

"ಎಲ್ಲಾ ಹಾಳಿ."

ಅವರ ನಗು ನಿಂತಿತು. ಆ ಮನುಷ್ಯ ಅಷ್ಟು ಬೇಗ ನಗು ನಿಲ್ಲಿಸಿದ್ದನ್ನು ನಾನು ನೋಡಿರಲಿಲ್ಲ. ಹೆಂಗಸರಿಗೆ ಮಷೀನುಗಳನ್ನು ನಾಳೆ ಒಯ್ಯಲು ಹೇಳಿ ಕಳಿಸಿದರು. ನನ್ನ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದರು:

"ಕೇಳು. ನಿನ್ನ ಹೆಸರು, ಫೋಟೋ, ಬಂದೂಕದ ನಂಬರು, ಕಚೇರಿ ಸಿಕ್ಕಾ, ಎಲ್ಲಾ ಅವನ ಕೈಯಾಗ ಐತಿ. ನಾಳೆ ಇನ್ನೊಬ್ಬನಿಗೆ ಮೋಸ ಮಾಡುವಾಗ ಅವ ಸೈನ್ಯದ ಸಾಹೇಬ ಆಗಂಗಿಲ್ಲ, ಹರಪನಹಳ್ಳಿ ತಾಲೂಕಿನ ನೀನ ಆಗ್ತಾನ. ಕಳ್ಳ ಬಂದೂಕ ಮಾರಿದ್ರೂ ನಿನ್ನ ಕಾಗದ ತೋರಸ್ತಾನ. ಆವಾಗ ಪೊಲೀಸ್ನೋರು ಎಲ್ಲಿಗೆ ಬರ್ತಾರ?"

ನನ್ನ ಲೈಸೆನ್ಸು. ಅಪ್ಪನಿಂದ ಬಂದದ್ದು, ಒಂದೂವರೆ ವರ್ಷ ಚಪ್ಪಲಿ ಸವೆಸಿ ನನ್ನ ಹೆಸರಿಗೆ ಮಾಡಿಸಿಕೊಂಡದ್ದು. ಅದು ಹೋದರೆ ಬಂದೂಕು ಹೋಗುತ್ತದೆ, ಬಂದೂಕಿನ ಜೊತೆ ಬೆಳೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಕೈಗೆ ಬೇಡಿ. ಅಷ್ಟರಲ್ಲೇ ಅಧಿಕಾರಿಯ ಫೋನು ಬಂತು. ಉಸ್ತಾದರು ಎತ್ತು ಎಂದರು. ಮುಂಗಡ ಹಾಕುವುದಿಲ್ಲ ಎಂದೆ. ಅವನ ದನಿ ಬದಲಾಯಿತು. ನಿನ್ನ ಲೈಸೆನ್ಸು ನನ್ನ ಹತ್ತಿರ ಇದೆ, ಪರವಾನಗಿ ಇಲ್ಲದೆ ಜೋಡಿ ನಳಿಗೆ ಕೊಳ್ಳಲು ಬಂದವನೆಂದು ನಾನೇ ಪೊಲೀಸರಿಗೆ ಕೊಡುತ್ತೇನೆ, ನಾಲ್ಕು ಗಂಟೆಯೊಳಗೆ ಹಾಕು ಎಂದ.

"ಹಾಕಿಬಿಡ್ಲೇನ್ರಿ? ಮುಗದೋಗ್ಲಿ" ಎಂದೆ.

"ಹಾಕಿದ್ರ ಶುರುವಾಗತೈತಿ. ಅವ ಹೋಗೋಕಿಂತ ಮುಂಚಿ ನೀನು ಠಾಣೆಗೆ ಹೋಗು."

ನಾನು ಕುಳಿತಲ್ಲಿಂದ ಏಳಲಿಲ್ಲ. ನಮ್ಮ ಠಾಣೆಯ ಗೇಟು ವೆಲ್ಡಿಂಗ್ ಮಾಡಿ ಕೊಟ್ಟವನು ನಾನು. ಅಲ್ಲಿನ ಪೇದೆಗಳು ನನಗೆ ಯಜಮಾನ್ರೇ ಎನ್ನುತ್ತಾರೆ. ಅವರ ಮುಂದೆ ನಿಂತು, ನಾನು ನಮ್ಮ ಭಾವನ ಬಂದೂಕಿನ ಫೋಟೋ ಕೊಳ್ಳಲು ಹೋಗಿದ್ದೆ ಎಂದು ಹೇಗೆ ಹೇಳಲಿ?

"ನಗ್ತಾರ್ರಿ" ಎಂದೆ.

"ನಗಲಿ. ನಗ್ತಾ ನಗ್ತಾ ಬರಕೊಂತಾರ. ನಮಗ ಬೇಕಾದ್ದು ಬರಕೊಳ್ಳೋದು."

ಹಗಲು ಹೊತ್ತಿನಲ್ಲಿ ಅಂಗಡಿ ಮುಚ್ಚದ ಮನುಷ್ಯ ಅವತ್ತು ಬಾಗಿಲು ಎಳೆದು, ಮೂರು ಸಲ ಬೀಗ ಜಗ್ಗಿ ನೋಡಿ, ನನ್ನ ಬೈಕಿನ ಹಿಂದೆ ಕುಳಿತರು. ಎಪ್ಪತ್ತೈದು ದಾಟಿದ ವಯಸ್ಸು, ಒಂದು ಕಿವಿ ಮಂದ. ದಾರಿಯುದ್ದಕ್ಕೂ ಬೈದರು. ಬೈಗುಳದ ನಡುವೆ ಪಾಠ. ಲೈಸೆನ್ಸಿನ ಜೆರಾಕ್ಸು ಯಾರಿಗೇ ಕೊಡಲಿ, ಅಕ್ಷರಗಳ ಮೇಲೆಯೇ ಅಡ್ಡಲಾಗಿ ಇಂಥವರಿಗೆ, ಇಂಥ ಕೆಲಸಕ್ಕೆ ಮಾತ್ರ ಎಂದು ಬರೆದು ತಾರೀಖು ಹಾಕಬೇಕಂತೆ. ಇನ್ನು ನನ್ನ ಲೈಸೆನ್ಸಿನಲ್ಲಿ ಇರುವುದು ಒಂಟಿ ನಳಿಗೆ. ಜೋಡಿ ನಳಿಗೆ ಬೇಕೆಂದರೆ ಮೊದಲು ಹೊಸಪೇಟೆಯ ಜಿಲ್ಲಾ ಕಚೇರಿಗೆ ಅರ್ಜಿ. ಮಾರುವವನು ಲೈಸೆನ್ಸ್ ಇದ್ದವನೇ ಆಗಿರಬೇಕು, ಇಬ್ಬರೂ ಕಚೇರಿಗೆ ತಿಳಿಸಿ ಕಾಯಬೇಕು, ಇಬ್ಬರ ಲೈಸೆನ್ಸ್ ಪುಸ್ತಕದಲ್ಲೂ ನಂಬರ್ ಏರಬೇಕು.

"ಹರಾಜು ತಪ್ಪೇನ್ರಿ ಹಂಗಾದ್ರ?" ಎಂದು ಗಾಳಿಗೆ ಎದುರಾಗಿ ಕೂಗಿ ಕೇಳಿದೆ.

"ಹರಾಜು ತಪ್ಪಲ್ಲೋ ಹುಚ್ಚಪ್ಪಾ! ಹೊರದೇಶದಾಗ ಫೋನಿನಾಗ ಕೂಗ್ತಾರಂತ. ಆದ್ರ ಅಲ್ಲೂ ಬಂದೂಕ ಲೈಸನ್ಸ್ ಇದ್ದ ಅಂಗಡಿಗೆ ಬರತೈತಿ. ಅಂಗಡಿಯಾವ ನಿನ್ನ ಕಾಗದ ನೋಡಿ, ನಳಿಗಿ ನೋಡಿ, ಆಮ್ಯಾಲ ಕೈಗೆ ಕೊಡ್ತಾನ. ಡಬ್ಬಿಯಾಗ ಕಟ್ಟಿ ಮನಿಗೆ ಕಳಸ್ತೀನಿ ಅಂದಾಗ ನಿನಗ ತಿಳಿಬೇಕಿತ್ತು. ಅದೇನು ಬೆಲ್ಲದ ಪೆಂಟೆಯೇನು?"

ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಮೇಡಂ ಇದ್ದರು. ವಯಸ್ಸು ಚಿಕ್ಕದು. ರೈಟರ್ ಪೇದೆ ಹಾಳೆ ತೆಗೆದು "ಹೇಳ್ರಿ ಯಜಮಾನ್ರೇ, ಬರಕೊಂತೀನಿ" ಎಂದ. ಉಸ್ತಾದರು ಹಾಳೆಯನ್ನು ಅವನ ಕೈಯಿಂದ ತೆಗೆದು ನನ್ನ ಮುಂದಿಟ್ಟರು.

"ನೀನ ಬರಿ. ನಿನ್ನ ಅಕ್ಷರದಾಗ."

"ನನ್ನ ಅಕ್ಷರ ನೆಟ್ಟಗಿಲ್ರಿ."

"ಸೊಟ್ಟ ಇರ್ಲಿ. ಗುರ್ತು ಸಿಗತೈತಿ."

ಬರೆದೆ. ಒಂದೂವರೆ ಹಾಳೆ. ಏಳನೇ ತರಗತಿಯ ನಂತರ ನಾನು ಅಷ್ಟು ಉದ್ದ ಬರೆದದ್ದು ಅದೇ ಮೊದಲು. ಮಲ್ಲಿಗೆಯನ್ನು ಬಿಟ್ಟು ಬರೆದಿದ್ದೆ, ಉಸ್ತಾದರು ಬೆರಳಿಟ್ಟು ಓದಿ, "ಹೂವ ಎಲ್ಲಿ?" ಎಂದು ಅದನ್ನೂ ಬರೆಸಿದರು. ರೈಟರ್ ಬಾಗಿಲ ಹಿಂದೆ ಹೋಗಿ ನಕ್ಕು ಬಂದ. ಮೇಡಂ ಓದಿದರು, ನಗಲಿಲ್ಲ. ಹರಾಜಿನ ಪುಟ, ಫೋನ್ ನಂಬರು, ನಾನು ಕಳಿಸಿದ ಫೋಟೋ ಎಲ್ಲವನ್ನೂ ನೋಡಿದರು. "ರೊಕ್ಕ ಹೋದಮ್ಯಾಲೆ ಬರೋರೇ ಜಾಸ್ತಿ. ನೀವು ಹೋಗೋ ಮುಂಚೆ ಬಂದಿದೀರಿ" ಎಂದು ಹೇಳಿ ದೂರಿಗೆ ನಂಬರ್ ಹಾಕಿ ಸ್ವೀಕೃತಿ ಕೊಟ್ಟರು. ಉಸ್ತಾದರು ಅದರ ಮೇಲಿನ ನಂಬರನ್ನು ಎರಡು ಸಲ ಓದಿದರು. ಅವರ ಮುಖ ಆಗ ಸಡಿಲವಾಯಿತು. ಅಲ್ಲಿಂದ ನೇರ ಹೊಸಪೇಟೆಯ ಕಚೇರಿಗೂ ಒಂದು ಪ್ರತಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿಸಿದರು.

ನಾಲ್ಕು ಗಂಟೆ ಕಳೆಯಿತು. ಅಧಿಕಾರಿ ಹನ್ನೊಂದು ಸಲ ಫೋನು ಮಾಡಿದ. ಆಮೇಲೆ ಮಾಡಲಿಲ್ಲ.

ಎರಡು ತಿಂಗಳ ನಂತರ ಹೊರರಾಜ್ಯದ ಒಂದು ಠಾಣೆಯಿಂದ ನಮ್ಮ ಠಾಣೆಗೆ ಫೋನು ಬಂತು. ಒಬ್ಬ ಪಾಪದವನು ಹರಾಜಿನಲ್ಲಿ ಬಂದೂಕು ಕೊಳ್ಳಲು ಹೋಗಿ ರೊಕ್ಕ ಕಳೆದುಕೊಂಡಿದ್ದನಂತೆ. ಮಾರಿದವನೆಂದು ಅವನ ಹತ್ತಿರ ಇದ್ದ ಕಾಗದದಲ್ಲಿ ನನ್ನ ಹೆಸರು, ನನ್ನ ಫೋಟೋ, ನನ್ನ ಲೈಸೆನ್ಸು. ಮೇಡಂ ನನ್ನನ್ನು ಕರೆಸಿದರು. ಹೋಗುವಾಗ ಹೆಂಡತಿ ಬಾಗಿಲಿನವರೆಗೆ ಬಂದು ನಿಂತಿದ್ದಳು. ಠಾಣೆಯಲ್ಲಿ ಮೇಡಂ ಫೋನು ಹಿಡಿದು ನನ್ನ ಸೊಟ್ಟ ಅಕ್ಷರದ ದೂರನ್ನು ಮುಂದಿಟ್ಟುಕೊಂಡು ಅದರ ತಾರೀಖು, ನಂಬರು ಓದಿ ಹೇಳಿದರು. ಆಮೇಲೆ ದೂರಿನ ಪ್ರತಿ ಕಳಿಸಿದರು. ನನ್ನ ಹೇಳಿಕೆ ತೆಗೆದುಕೊಂಡರು. ಅರ್ಧ ದಿನದ ಕೆಲಸ. ನಾನು ಮನೆಗೆ ಬಂದು ಉಂಡೆ.

ಅದನ್ನು ಹೇಳಲು ಕೊಟ್ಟೂರಿಗೆ ಹೋದಾಗ ಉಸ್ತಾದರು ಶಹಬ್ಬಾಸ್ ಎನ್ನಲಿಲ್ಲ. "ಆ ರೊಕ್ಕ ಹೋದಾವ ಯಾರಪ್ಪ ಪಾಪ" ಎಂದರು. ಕೈಯಲ್ಲಿದ್ದ ಹೊಲಿಗೆ ಮಷೀನಿನ ಸೂಜಿಯನ್ನು ಒರೆಸಿ ಇಟ್ಟರು. ಆಮೇಲೆ, "ಎಲೆಕ್ಷನ್ ಬರತೈತಿ. ಅವತ್ತು ನೀನು ಎಲ್ಲಾರ ಮುಂದ ಇದನ್ನ ಹೇಳಬೇಕು" ಎಂದರು.

ಚುನಾವಣೆ ಬಂದರೆ ಲೈಸೆನ್ಸ್ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಉಸ್ತಾದರು ಆ ದಿನಗಳಲ್ಲಿ ಒಂದೊಂದು ಠಾಣೆಯ ಪಡಸಾಲೆಯಲ್ಲೂ ಹೋಗಿ ಕೂರುತ್ತಿದ್ದರು. ಕರೆಯದೆ ಬರುತ್ತಿದ್ದರು, ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಒಳಗೆ ಹೋಗುವ ಪ್ರತಿ ಬಂದೂಕನ್ನೂ ತೆರೆದು ನೋಡಿ, ಕೊಟ್ಟವನಿಗೂ ಪೇದೆಗೂ ತೋರಿಸಿ, ಎಣ್ಣೆ ಹಚ್ಚಿ ಕಳಿಸುವರು. ಮೂರು ತಿಂಗಳು ಕತ್ತಲಲ್ಲಿ ಇರುವ ವಸ್ತು ತುಕ್ಕು ಹಿಡಿದರೆ ಯಾರು ಕೇಳುತ್ತಾರೆ ಎನ್ನುವರು. ಆ ವರ್ಷ ನಮ್ಮ ಠಾಣೆಯಲ್ಲಿ ಮೂವತ್ತು ನಲವತ್ತು ಜನ ಪಾಳಿ ಹಚ್ಚಿದ್ದಾಗ ನನ್ನನ್ನು ಕಟ್ಟೆ ಹತ್ತಿಸಿದರು. "ನಾಕ್ನೂರಾ ಹನ್ನೊಂದು ಒಂದು ಕತಿ ಹೇಳ್ತಾನ, ಕೇಳ್ರಿ" ಎಂದರು.

ಹೇಳಿದೆ. ವಿಭೂತಿ, ಮಲ್ಲಿಗೆ, ಭಾವ, ಏನೂ ಬಿಡಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕೆಳಗಿಳಿಯುವಷ್ಟರಲ್ಲಿ ಅರಸೀಕೆರೆ ಕಡೆಯ ಒಬ್ಬರು, ನನಗಿಂತ ದೊಡ್ಡ ಜಮೀನಿನವರು, ನಗುವುದನ್ನು ಅರ್ಧಕ್ಕೇ ಬಿಟ್ಟು ಉಸ್ತಾದರನ್ನು ಪಕ್ಕಕ್ಕೆ ಕರೆದುಕೊಂಡು ಹೋದರು. ಫೋನು ತೆಗೆದು ಏನೋ ತೋರಿಸಿದರು. ಉಸ್ತಾದರು ಕನ್ನಡಕ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಆ ಮನುಷ್ಯನನ್ನು ಮೇಡಂ ಕೋಣೆಯ ಕಡೆಗೆ ನಡೆಸಿಕೊಂಡು ಹೋಗುತ್ತಾ, ನನ್ನತ್ತ ತಿರುಗಿ ಒಂದು ಹಾಳೆ ಮತ್ತು ಪೆನ್ನು ತರುವಂತೆ ಕೈಸನ್ನೆ ಮಾಡಿದರು. ಆ ದಿನ ನನಗೆ ಆದಷ್ಟು ಹೆಮ್ಮೆ ಮಷೀನು ಕಟ್ಟಿದ ದಿನವೂ ಆಗಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವರು ಹೋದರು. ಬೆಳಿಗ್ಗೆ ಚಹಾ ಕುಡಿದು ಗೋಡೆಗೆ ಒರಗಿದವರು ಏಳಲಿಲ್ಲ. ಮಣ್ಣಿಗೆ ಐದೂ ತಾಲೂಕಿನವರು ಬಂದಿದ್ದರು. ನಮ್ಮಲ್ಲಿ ಬಹಳ ಜನಕ್ಕೆ ಒಬ್ಬರಿಗೊಬ್ಬರ ಹೆಸರು ಗೊತ್ತಿರಲಿಲ್ಲ. ರಿಪೇರಿಗೆಂದು ಅಂಗಡಿಯಲ್ಲಿದ್ದ ಬಂದೂಕುಗಳನ್ನು ಪೊಲೀಸರು ಬಂದು ಪಟ್ಟಿ ಮಾಡಿ ಒಯ್ದರು. ಒಂದೂ ಹೆಚ್ಚು ಕಡಿಮೆ ಇರಲಿಲ್ಲ, ಎಲ್ಲವೂ ಖಾಲಿ ಇದ್ದವು. ನೋಟ್‌ಬುಕ್ಕುಗಳನ್ನು ಅವರ ಮಗ ಕಚೇರಿಗೆ ಒಪ್ಪಿಸಿದ.

ಜೋಡಿ ನಳಿಗೆಗೆಂದು ಆಮೇಲೆ ನಾನು ಹೊಸಪೇಟೆಗೆ ಹಾಕಿದ ಅರ್ಜಿ ಇನ್ನೂ ಅಲ್ಲೇ ಇದೆ. ಬಂದಾಗ ಬರಲಿ. ಸದ್ಯ ನನಗಿರುವುದು ಹನ್ನೊಂದು ಎಕರೆ ಹೊಲ, ಎರಡು ರಾಶಿ ಮಷೀನು, ಒಂದು ವೆಲ್ಡಿಂಗ್ ಸೆಟ್ಟು, ಒಂದು ಬೈಕು, ಒಂಟಿ ನಳಿಗೆಯ ಬಂದೂಕು ಒಂದು. ಲೈಸೆನ್ಸು ಒಂದು, ನನ್ನ ಹೆಸರಿನಲ್ಲಿದೆ, ಇನ್ನೂ ನಾಲ್ಕು ವರ್ಷ ನಡೆಯುತ್ತದೆ.